ಒಂದೇ ಟ್ರ್ಯಾಕು, ಎರಡು ನೆಲ

ಗೇಟಿನಲ್ಲಿದ್ದ ರೇಂಜರಮ್ಮ ಸೌಂಡ್ ಮೀಟರನ್ನು ಸೈಲೆನ್ಸರಿನಿಂದ 20 ಇಂಚು ದೂರ ಹಿಡಿದು "ರೇಸ್ ಮಾಡು" ಎಂದು ಕೈಸನ್ನೆ ಮಾಡಿದಳು. ಮೊದಲು ನನ್ನ ಯಮಾಹಾ, ಆಮೇಲೆ ನಮ್ಮ ಬೀದಿಯ ಅಜ್ಜನ ಹಳೇ ಗಾಡಿ. ರಸ್ತೆಗಿಳಿಯದ ರೇಸ್ ಬೈಕುಗಳಿಗೆ ಕ್ಯಾಲಿಫೋರ್ನಿಯಾದ ಕಾನೂನು ಒಂದು ಗಡಿ ಹಾಕಿದೆ. 1998 ಮತ್ತು ಅದರ ಈಚೆಗೆ ತಯಾರಾದದ್ದು 96 ಡೆಸಿಬಲ್ ದಾಟುವಂತಿಲ್ಲ, ಅದಕ್ಕಿಂತ ಹಳೆಯದಕ್ಕೆ 101ರವರೆಗೆ ವಿನಾಯಿತಿ. "ವಯಸ್ಸಾದವರು ಸ್ವಲ್ಪ ಕೂಗಾಡಬಹುದು ಅಂತ ಸರ್ಕಾರವೇ ಒಪ್ಪಿಕೊಂಡಿದೆ" ಎಂದೆ. ಅವಳು ನಗಲಿಲ್ಲ. ಹಿಂದಿನ ಸೀಟಿನಲ್ಲಿ ಮಡಚುವ ಕುರ್ಚಿ ತಬ್ಬಿಕೊಂಡು ಕೂತಿದ್ದ ಅಜ್ಜ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

ಹಾಲಿಸ್ಟರ್ ಹಿಲ್ಸ್, ಏಪ್ರಿಲ್ ತಿಂಗಳ ಒಂದು ಭಾನುವಾರ. ಸನ್ನಿವೇಲಿನ ನಮ್ಮ ಮನೆಯಿಂದ 101ನೇ ಹೆದ್ದಾರಿ ಹಿಡಿದು, ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್ ದಾಟಿ, ಒಂದೂಕಾಲು ಗಂಟೆಯ ದಾರಿ. ಗಾಬಿಲನ್ ಬೆಟ್ಟಗಳ ಮಡಿಲಿನಲ್ಲಿ ಮಣ್ಣಿನ ಗಾಡಿಗಳಿಗೆಂದೇ ರಾಜ್ಯ ಸರ್ಕಾರ ಇಟ್ಟುಕೊಂಡಿರುವ ಜಾಗ ಅದು. ಸ್ಯಾನ್ ಆಂಡ್ರಿಯಾಸ್ ಭೂಬಿರುಕು ಈ ಪಾರ್ಕಿನೊಳಗೇ ಹಾದುಹೋಗುತ್ತದೆ. ನೆಲವೇ ಸದ್ದಿಲ್ಲದೆ ಜಾರುತ್ತಿರುವ ಕಡೆ ನಾವು ಜಾರದೆ ಓಡಿಸಲು ಒದ್ದಾಡುತ್ತೇವೆ.

ಅಜ್ಜ ನಮ್ಮ ಬೀದಿಯ ಕೊನೆ ಮನೆಯವನು. ಎಪ್ಪತ್ತರ ದಶಕದಲ್ಲಿ ಈ ಕಡೆಯ ಮೋಟೊಕ್ರಾಸ್ ರೇಸುಗಳಲ್ಲಿ, ಅಂದರೆ ದಿಬ್ಬ ತಿರುವುಗಳ ಮಣ್ಣಿನ ಟ್ರ್ಯಾಕಿನ ಬೈಕ್ ರೇಸುಗಳಲ್ಲಿ ಓಡಿಸಿದವನು, ಈಗ ಎರಡೂ ಮಂಡಿ ಬದಲಾಯಿಸಿಕೊಂಡಿದ್ದಾನೆ. ಒಂದು ಸಂಜೆ ವಾಕಿಂಗ್ ಹೋಗುವಾಗ ಅವನ ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಬಂದ ಸದ್ದು ನನ್ನನ್ನು ನಿಂತಲ್ಲೇ ನಿಲ್ಲಿಸಿತು. ಮೈಸೂರಿನಲ್ಲಿ ಬೆಳೆದವರಿಗೆ ಆ ಸದ್ದನ್ನು ವಿವರಿಸಬೇಕಿಲ್ಲ, ಬೇರೆಯವರಿಗೆ ವಿವರಿಸಲು ಆಗುವುದಿಲ್ಲ. ಟಣ್ ಟಣ್ ಟಣ್ ಎಂದು ಪಾತ್ರೆಯೊಳಗೆ ಯಾರೋ ಸೌಟು ಬಡಿಯುತ್ತಿರುವಂಥ ಟೂ ಸ್ಟ್ರೋಕ್ ಐಡ್ಲಿಂಗು, ಜತೆಗೆ ನೀಲಿ ಹೊಗೆ. ನಮ್ಮ ಸೋದರಮಾವ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುತ್ತಿದ್ದವರು. ಜಾವಾ ಹೋಗಿ ಯೆಜ್ದಿ ಎಂಬ ಹೆಸರು ಬಂದದ್ದನ್ನೂ 1996ರಲ್ಲಿ ಬಾಗಿಲು ಹಾಕಿದ್ದನ್ನೂ ಒಳಗಿನಿಂದಲೇ ನೋಡಿದವರು. ಅವರ ಅಂಗಿಯ ವಾಸನೆ ಸನ್ನಿವೇಲಿನ ಒಂದು ಗ್ಯಾರೇಜಿನಿಂದ ಬರುತ್ತಿದೆಯಲ್ಲ ಎಂದು ಇಣುಕಿದೆ.

ಒಳಗಿದ್ದದ್ದು ಜಾವಾ ಅಲ್ಲ, ಅದರ ದಾಯಾದಿ. 1970ರ ಸೀಝೆಡ್ 250, ಮೋಟೊಕ್ರಾಸಿಗೆಂದೇ ಕಟ್ಟಿದ್ದು. ಚೆಕೊಸ್ಲೊವಾಕಿಯಾದ ಸ್ಟ್ರಾಕೊನಿತ್ಸೆಯ ಬಂದೂಕಿನ ಕಾರ್ಖಾನೆಯಲ್ಲಿ ಹುಟ್ಟಿದ ಬೈಕು. ಜಾವಾ, ಸೀಝೆಡ್ ಎರಡನ್ನೂ ಹೊರದೇಶಕ್ಕೆ ಮಾರುತ್ತಿದ್ದದ್ದು ಮೊಟೊಕೊವ್ ಎಂಬ ಒಂದೇ ಸರ್ಕಾರಿ ಸಂಸ್ಥೆ. ಮೈಸೂರಿನಲ್ಲಿ ನಮಗೆ ಹಾಲಿನ ಕ್ಯಾನು ಕಟ್ಟಿಕೊಂಡು ಓಡಾಡುವ ಗಾಡಿಯ ವಂಶವಾಗಿ ಕಂಡದ್ದು ಯುರೋಪಿನಲ್ಲಿ ಲೋಕ ಗೆದ್ದ ವಂಶವಾಗಿತ್ತು. ಬೆಲ್ಜಿಯಂನ ಜೋಯೆಲ್ ರೋಬೆರ್ 1964, 1968, 1969ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದದ್ದು ಸೀಝೆಡ್ ಮೇಲೆ. ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ ಸತತ ಮೂರು ವರ್ಷ 500 ಸಿಸಿ ಗೆದ್ದದ್ದೂ ಇದರ ಮೇಲೆಯೇ. ಮಾವನಿಗೆ ಇದನ್ನೆಲ್ಲ ಹೇಳಿದಾಗ "ನಮಗೆ ಗೊತ್ತಿತ್ತು ಬಿಡೋ, ನೀವೇ ಕೇಳ್ಲಿಲ್ಲ" ಅಂದರು.

ನಾನು ಮೋಟೊಕ್ರಾಸ್ ಶುರು ಮಾಡಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ಅಂದರೆ ಬುದ್ಧಿ ಬರಬೇಕಾದ ಕಾಲದಲ್ಲಿ. ಆರು ವರ್ಷದಿಂದ ಯಮಾಹಾದ ವೈಝಡ್ 250ಎಫ್ ಓಡಿಸುತ್ತಿದ್ದೇನೆ. ಸಾಧಾರಣ ಸವಾರ. ರೇಸಿನಲ್ಲಿ ಹಿಂದಿನಿಂದ ಎಣಿಸಿದರೆ ಬೇಗ ಸಿಗುತ್ತೇನೆ. ಹಾಗಿದ್ದರೂ ಅಜ್ಜ ಒಂದು ದಿನ, "ಇದನ್ನು ಓಡಿಸಿಕೊಂಡು ಬಾ, ನಿಂತು ನಿಂತು ಇದಕ್ಕೂ ನನ್ನ ಹಾಗೆ ಮಂಡಿ ಹಿಡಿಯುತ್ತಿದೆ" ಎಂದ. ಷರತ್ತು ಎರಡು. ಅವನೂ ಬರುತ್ತಾನೆ. ಮತ್ತು ಎರಡು ಗಾಡಿಯನ್ನೂ ಒಂದೇ ದಿನ, ಒಂದೇ ಟ್ರ್ಯಾಕಿನಲ್ಲಿ, ಒಂದರ ಬೆನ್ನಿಗೆ ಒಂದು ಓಡಿಸಬೇಕು, ಅವನು ಸ್ಟಾಪ್‌ವಾಚ್ ಹಿಡಿಯುತ್ತಾನೆ. ಎರಡನೆಯ ಷರತ್ತು ಯಾಕೆ ಎಂದು ಆಗ ಕೇಳಬೇಕಿತ್ತು.

ಟೆಂಟಿನ ಕೆಳಗೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಎತ್ತರ. ಯಮಾಹಾದ ಸೀಟು ನೆಲದಿಂದ ಸುಮಾರು 97 ಸೆಂಟಿಮೀಟರ್. ಐದಡಿ ಆರಿಂಚಿನ ನಾನು ತುದಿಗಾಲಲ್ಲಿ ನಿಲ್ಲುತ್ತೇನೆ, ದೇವಸ್ಥಾನದಲ್ಲಿ ಗಂಟೆಗೆ ಕೈ ಚಾಚುವ ಮಗುವಿನ ಹಾಗೆ. ಸೀಝೆಡ್ ಮೇಲೆ ಎರಡೂ ಪಾದ ಪೂರ್ತಿ ಊರುತ್ತವೆ. ತೂಕ ಮಾತ್ರ ಹೆಚ್ಚುಕಮ್ಮಿ ಒಂದೇ, ಎರಡೂ ನೂರು ಕೇಜಿಯ ಆಸುಪಾಸು. ಐವತ್ತು ವರ್ಷದಲ್ಲಿ ಬೈಕು ಹಗುರವಾಗಿರಬೇಕು ಎಂದುಕೊಂಡಿದ್ದೆ. ಉಳಿಸಿದ ಭಾರವನ್ನೆಲ್ಲ ರೇಡಿಯೇಟರು, ಬ್ಯಾಟರಿ, ಕವಾಟಗಳು, ಉದ್ದನೆಯ ಫೋರ್ಕುಗಳು ತಿಂದುಹಾಕಿವೆ.

ಇಂಜಿನ್ನಿನ ಲೆಕ್ಕ ಇನ್ನೂ ಮಜವಾಗಿದೆ. ಮಾವ ಜೋಡಿಸುತ್ತಿದ್ದ ಯೆಜ್ದಿಯ ಬೋರ್, ಅಂದರೆ ಸಿಲಿಂಡರಿನ ಅಗಲ, 65 ಮಿಮೀ; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 75. ಪಿಸ್ಟನ್ ಸಣ್ಣದು, ಓಡಾಟ ಉದ್ದ, ನಿಧಾನಕ್ಕೆ ಎಳೆಯುವ ಎತ್ತು. ಸೀಝೆಡ್‌ನದು 70ಕ್ಕೆ 64. ನನ್ನ ಯಮಾಹಾದ್ದು 77ಕ್ಕೆ 53.6, ಅಗಲವಾದ ಪಿಸ್ಟನ್ ಗಿಡ್ಡ ದೂರದಲ್ಲಿ ತಲೆಕೆಟ್ಟಂತೆ ಓಡಾಡುತ್ತದೆ. ಮೂರೂ "ಇನ್ನೂರೈವತ್ತು" ಅನ್ನಿಸಿಕೊಂಡ ಇಂಜಿನ್ನುಗಳೇ. ಸೀಝೆಡ್ ಏಳು ಸಾವಿರ ಸುತ್ತಿನ ಹತ್ತಿರ ಉಸಿರು ಬಿಟ್ಟರೆ ಯಮಾಹಾ ಹದಿಮೂರು ಸಾವಿರ ದಾಟಿಯೂ ಕಿರುಚುತ್ತಿರುತ್ತದೆ. ಯಮಾಹಾದ ಇಂಧನದ ಮ್ಯಾಪನ್ನು ಫೋನಿನಿಂದ ಬದಲಿಸುತ್ತೇನೆ. ಸೀಝೆಡ್‌ನ ಇಗ್ನಿಷನ್ ಟೈಮಿಂಗಿಗೆ ಅಜ್ಜ ಹಿಂದಿನ ರಾತ್ರಿ ಪ್ಲಗ್ಗಿನ ತೂತಿನಲ್ಲಿ ಡಯಲ್ ಗೇಜ್ ಇಳಿಸಿ, ಕಿಡಿ ಹಾರಿಸುವ ಪಾಯಿಂಟ್ ತೆರೆಯುವ ಕ್ಷಣ ಹುಡುಕುತ್ತಾ ಒಂದೂವರೆ ಗಂಟೆ ಕಳೆದಿದ್ದ.

ಮೊದಲ ಸರದಿ ಯಮಾಹಾದ್ದು. ಬಟನ್ ಒತ್ತಿದೆ, ಹೊರಟೆ. ಹೇಳುವಂಥದ್ದೇನಿಲ್ಲ. ಹಿಂದಿನ ವಾರ ಮಳೆ ಬಂದು ಮಣ್ಣು ಹದವಾಗಿತ್ತು, ರೊಟ್ಟಿಗೆ ನಾದಿದ ಹಿಟ್ಟಿನ ಹಾಗೆ ಟಯರಿಗೆ ಅಂಟುತ್ತಿತ್ತು. ಐದು ಸುತ್ತು. ಒಳ್ಳೆಯದು ಎರಡು ನಿಮಿಷ ಹನ್ನೊಂದು ಸೆಕೆಂಡು.

ಎರಡನೆಯ ಸರದಿಗೆ ಸೀಝೆಡ್. ಕಿಕ್ಕೂ ಗೇರೂ ಎರಡೂ ಎಡಗಡೆಯೇ. ಯೆಜ್ದಿ ಒದ್ದು ಬೆಳೆದ ಎಡಗಾಲಿಗೆ ಅದು ತವರುಮನೆ. ಎರಡನೇ ಒದೆತಕ್ಕೆ ಹೊತ್ತಿಕೊಂಡಿತು. ಅಕ್ಕಪಕ್ಕದ ಟೆಂಟಿನ ಹುಡುಗರು ತಿರುಗಿ ನೋಡಿದರು, ಒಬ್ಬ ಫೋನ್ ತೆಗೆದ. ಗತ್ತಿನಿಂದಲೇ ಟ್ರ್ಯಾಕಿಗಿಳಿದೆ. ಮೊದಲ ತಿರುವಿನ ಹೊತ್ತಿಗೆ ಗತ್ತು ಇಳಿದಿತ್ತು.

ಆ ತಿರುವು ಇಳಿಜಾರಿನ ತುದಿಯಲ್ಲಿದೆ. ಯಮಾಹಾದಲ್ಲಿ ಅಲ್ಲಿ ಏನು ಮಾಡುತ್ತೇನೆ ಎಂದು ಯೋಚಿಸಿಯೇ ಇರಲಿಲ್ಲ: ಬಲಗೈಯ ಒಂದೇ ಬೆರಳು ಲಿವರಿನ ಮೇಲೆ, ಡಿಸ್ಕು ಕಚ್ಚುತ್ತದೆ, ಫೋರ್ ಸ್ಟ್ರೋಕ್ ಇಂಜಿನ್ನೂ ಹಿಂದಿನ ಚಕ್ರವನ್ನು ಹಿಡಿದೆಳೆಯುತ್ತದೆ, ಗಾಡಿ ನಿಲ್ಲುತ್ತದೆ. ಸೀಝೆಡ್ ಮೇಲೆಯೂ ಅದೇ ಜಾಗದಲ್ಲಿ ಅದೇ ಒಂದು ಬೆರಳು ಹಾಕಿದೆ. ಡ್ರಮ್ ಬ್ರೇಕು "ಏನಂದೆ?" ಎಂದು ಕೇಳಿದ ಹಾಗಾಯಿತು. ಟೂ ಸ್ಟ್ರೋಕಿಗೆ ಥ್ರಾಟಲ್ ಬಿಟ್ಟರೆ ತಡೆಯುವ ಅಭ್ಯಾಸವೇ ಇಲ್ಲ, ಅದು ಇಳಿಜಾರಿನಲ್ಲಿ ಸುಮ್ಮನೆ ತೇಲಿಕೊಂಡು ಹೋಯಿತು. ನಾಲ್ಕೂ ಬೆರಳು ಹಾಕಿ ಹಿಸುಕುವಷ್ಟರಲ್ಲಿ ತಿರುವು ಮುಗಿದಿತ್ತು. ನಾನು ನೇರವಾಗಿ ಬೇಲಿಗೆ ಒರಗಿಸಿದ್ದ ಹುಲ್ಲಿನ ಪಿಂಡಿಗೆ ಹೋಗಿ ಮುತ್ತಿಟ್ಟೆ. ವೇಗ ಇರಲಿಲ್ಲ, ಮಾನ ಮಾತ್ರ ಹೋಯಿತು.

ಹಿಂದಕ್ಕೆ ಎಳೆದುಕೊಂಡು ಮತ್ತೆ ಹೊರಟೆ. ಅಜ್ಜ ಎರಡನೆಯ ಷರತ್ತು ಯಾಕೆ ಹಾಕಿದ್ದ ಎಂಬುದು ಇಲ್ಲಿಂದ ಮುಂದೆ ಮೈಗೆ ಅರ್ಥವಾಗತೊಡಗಿತು.

ತಿರುವಿನ ಮುಂಚೆ ಎಲ್ಲರೂ ಬ್ರೇಕ್ ಹಾಕುವ ಜಾಗದಲ್ಲಿ ನೆಲ ಅಲೆ ಅಲೆಯಾಗಿ ಏಳುತ್ತದೆ. ಬ್ರೇಕಿಂಗ್ ಬಂಪ್ಸ್ ಅನ್ನುತ್ತೇವೆ. ತಿರುವು ಮುಗಿದು ಥ್ರಾಟಲ್ ತಿರುವುವ ಕಡೆಯೂ ಹಾಗೆಯೇ. ಯಮಾಹಾಕ್ಕೆ ಹಿಂದೆ ಮುಂದೆ ಎರಡು ಕಡೆಯೂ ಮುನ್ನೂರು ಮಿಲಿಮೀಟರಿಗಿಂತ ಹೆಚ್ಚು ಸಸ್ಪೆನ್ಷನ್ ಓಟ ಇದೆ, ಅಂದರೆ ಚಕ್ರ ಒಂದಡಿಯಷ್ಟು ಮೇಲೆ ಕೆಳಗೆ ಆಡಬಲ್ಲದು. ವೇಗ ಇಟ್ಟುಕೊಂಡರೆ ಚಕ್ರ ಅಲೆಯ ನೆತ್ತಿಯಿಂದ ನೆತ್ತಿಗೆ ಹಾರುತ್ತದೆ, ಕುಳಿಯೊಳಗೆ ಇಳಿಯುವುದೇ ಇಲ್ಲ. ಆರು ವರ್ಷ ಓಡಿಸಿದ್ದೇನೆ, ಅಲ್ಲಿ ಅಷ್ಟು ಆಳದ ಕುಳಿಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಸೀಝೆಡ್ ಕಾಲದ ಗಾಡಿಗಳಿಗೆ ಅಮೆರಿಕದ ಹಳೇ ರೇಸ್ ಬೈಕುಗಳ ಸಂಘವಾದ ಎ.ಎಚ್.ಆರ್.ಎಂ.ಎ. ಇಟ್ಟಿರುವ ಮಿತಿ ಮುಂದೆ 7 ಇಂಚು, ಹಿಂದೆ 4 ಇಂಚು. ಹಿಂದಿನ ನಾಲ್ಕಿಂಚು ಅಂದರೆ ನನ್ನ ಬೆರಳುಗಳನ್ನು ಸೇರಿಸಿ ಹಿಡಿದ ಅಂಗೈಯ ಅಗಲಕ್ಕಿಂತ ಕೊಂಚ ಜಾಸ್ತಿ. ಅದು ಒಂದೊಂದು ಕುಳಿಗೂ ಇಳಿದು, ತಳ ಮುಟ್ಟಿ, ಮುಂದಿನ ಗೋಡೆಗೆ ಹಣೆ ಚಚ್ಚಿಕೊಂಡು ಮೇಲೆ ಬರುತ್ತಿತ್ತು. ಮುಂದಿನ ಚಕ್ರ ಮೇಲೇರುವಾಗ ಹಿಂದಿನದು ಕುಳಿಯಲ್ಲಿ, ಹಿಂದಿನದು ಎದ್ದಾಗ ಮುಂದಿನದು ಕೆಳಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ನೊಗ ನಾನಾಗಿದ್ದೆ. ಹಲ್ಲು ಕಟಕಟ, ಹೆಲ್ಮೆಟ್ಟಿನೊಳಗೆ ಕನ್ನಡಕ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಸಣ್ಣ ಫುಟ್‌ಪೆಗ್ಗಿನಿಂದ ಬೂಟು ಎರಡು ಸಲ ಜಾರಿತು.

ಮೊದಲ ಸುತ್ತಿನಲ್ಲೇ ದಿಬ್ಬ ಹತ್ತುವಾಗ ಇಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ತೆಳ್ಳಗಾಯಿತು. ಏನೋ ಚುರುಕಾಗಿ, ಎತ್ತರದ ಸ್ವರಕ್ಕೆ ಹೋಯಿತು. ಮೈಸೂರಿನ ಯಾವ ಮೆಕ್ಯಾನಿಕ್ಕಿನ ಅಂಗಡಿ ಹುಡುಗನಿಗಾದರೂ ಆ ಸ್ವರ ಗೊತ್ತು. ಕೈ ತಾನಾಗಿಯೇ ಕ್ಲಚ್ ಹಿಡಿಯಿತು, ಎಡಗೈ ಟ್ಯಾಂಕಿನ ಕೆಳಗೆ ಹೋಯಿತು. ಪೆಟ್ರೋಲ್ ಕಾಕ್ ಮುಚ್ಚಿಯೇ ಇತ್ತು. ಹೊರಡುವಾಗ ತೆರೆದಿರಲಿಲ್ಲ. ಕಾರ್ಬ್ಯುರೇಟರಿನ ಬಟ್ಟಲಲ್ಲಿ, ಪೈಪಿನಲ್ಲಿ ಉಳಿದದ್ದರಿಂದ ಅಷ್ಟು ದೂರ ಬಂದಿದ್ದೆ. ಫೋರ್ ಸ್ಟ್ರೋಕಾದರೆ ಪೆಟ್ರೋಲ್ ಮುಗಿದು ನಿಂತರೆ ನಿಂತಿತು, ಅಷ್ಟೆ. ಟೂ ಸ್ಟ್ರೋಕಿಗೆ ಪೆಟ್ರೋಲಿನ ಜತೆಯಲ್ಲೇ ಎಣ್ಣೆ ಹೋಗುವುದು. ಪೆಟ್ರೋಲ್ ತೆಳ್ಳಗಾದರೆ ಎಣ್ಣೆಯೂ ತೆಳ್ಳಗೆ, ಬಿಸಿ ಏರಿ ಪಿಸ್ಟನ್ ಕಚ್ಚಿಕೊಂಡರೆ ಐವತ್ತು ವರ್ಷದ ಸಿಲಿಂಡರಿಗೆ ಎಲ್ಲಿ ಹೋಗೋಣ? ದಿಬ್ಬದ ಪಕ್ಕಕ್ಕೆ ತಳ್ಳಿಕೊಂಡು ಹೋಗಿ, ಕಾಕ್ ತೆರೆದು, ತಣ್ಣಗಾಗಲಿ ಎಂದು ಹತ್ತು ನಿಮಿಷ ಕೂತೆ. ಕೈ ನಡುಗುತ್ತಿದ್ದದ್ದು ಸುಸ್ತಿಗೋ ಭಯಕ್ಕೋ ತಿಳಿಯಲಿಲ್ಲ. ಅಜ್ಜ ದೂರದಿಂದ ಬೈನಾಕ್ಯುಲರಿನಲ್ಲಿ ನೋಡುತ್ತಿದ್ದ. ಅವನಿಗೆ ನಾನು ಹೇಳಿದ್ದು, "ಸ್ವಲ್ಪ ಸುಧಾರಿಸಿಕೊಂಡೆ" ಎಂದು. ನಂಬಿದ ಹಾಗೆ ಮಾಡಿದ.

ಸಮಯ: ಎರಡು ನಿಮಿಷ ಐವತ್ತೆಂಟು ಸೆಕೆಂಡು. ಯಮಾಹಾಕ್ಕಿಂತ ನಲವತ್ತೇಳು ಸೆಕೆಂಡು ಹಿಂದೆ. ಕೈಗಡಿಯಾರದ ಪ್ರಕಾರ ಎದೆಬಡಿತ ಮಾತ್ರ ಹಳೇ ಗಾಡಿಯಲ್ಲೇ ಜಾಸ್ತಿ. ಹಳೇ ಬೈಕು ಅಂದರೆ ಭಾನುವಾರ ಮಧ್ಯಾಹ್ನದ ಹಾಯಾದ ಸವಾರಿ ಎಂದು ತಿಳಿದಿದ್ದವನು ನೆಲಕ್ಕೆ ಮಲಗಿ ನೀರು ಕುಡಿದೆ.

"ಈ ಗಾಡಿ ಇಷ್ಟು ಕೆಟ್ಟದಾ, ನಾನು ಇಷ್ಟು ಕೆಟ್ಟವನಾ?" ಎಂದು ಕೇಳಿದೆ.

ಅಜ್ಜ ಕುರ್ಚಿಯಿಂದ ಏಳದೆ ಟ್ರ್ಯಾಕಿನ ಕಡೆ ಕೈ ತೋರಿಸಿದ. ಆ ಕುಳಿಗಳನ್ನು ಕೆತ್ತಿದವರು ಯಾರು ಎಂದು ಕೇಳಿದ. ನಲವತ್ತು ಚಿಲ್ಲರೆ ಕುದುರೆಬಲದ ಫೋರ್ ಸ್ಟ್ರೋಕುಗಳು, ಒಂದಡಿ ಓಟದ ಶಾಕ್ ಅಬ್ಸಾರ್ಬರುಗಳು. ಅವು ಎಷ್ಟು ವೇಗದಲ್ಲಿ ಬಂದು ಎಲ್ಲಿ ಬ್ರೇಕ್ ಹಾಕುತ್ತವೋ, ಕುಳಿ ಅಲ್ಲೇ ಬೀಳುತ್ತದೆ, ಅಲೆಗಳ ನಡುವಿನ ಅಂತರವೂ ಅವುಗಳ ಅಳತೆಗೇ ಆಗುತ್ತದೆ. ಅವನ ಕಾಲದಲ್ಲಿ ಟ್ರ್ಯಾಕಿನ ಮೇಲೆ ಓಡಿದ್ದೆಲ್ಲ ನಾಲ್ಕಿಂಚಿನ ಗಾಡಿಗಳೇ, ಹಾಗಾಗಿ ನೆಲವೂ ನಾಲ್ಕಿಂಚಿನ ಗಾಡಿಗೆ ಓದಲು ಬರುವ ಕೈಬರಹದಲ್ಲೇ ಇರುತ್ತಿತ್ತು. "ನೀನು ಬೇರೆಯವರ ಅಕ್ಷರದ ಮೇಲೆ ಅದನ್ನು ಓಡಿಸುತ್ತಿದ್ದೀಯ. ಟಯರಿನ ಗುರುತು ಇಲ್ಲದ ಕಡೆ ಹೋಗು."

ಅಮೆರಿಕದವನ ಬಾಯಲ್ಲಿ ಕೈಬರಹ ಎಂಬ ಮಾತೇನೂ ಬರಲಿಲ್ಲ, ಅದು ನನ್ನದು. ಕೊನೆಯ ವಾಕ್ಯ ಮಾತ್ರ ಅವನದೇ.

ಊಟದ ಹೊತ್ತಿಗೆ ಯಮಾಹಾದಲ್ಲಿ ಇನ್ನೊಂದು ಸರದಿ ಹೋಗಬೇಕಿತ್ತು. ಹೋಗಲಿಲ್ಲ. ಮೊಸರನ್ನದ ಡಬ್ಬಿ ಹಿಡಿದು ಟ್ರ್ಯಾಕಿನ ಪಕ್ಕ ನಡೆದೆ. ಆರು ವರ್ಷದಲ್ಲಿ ಅದು ಮೊದಲ ಸಲ ನಾನು ಟ್ರ್ಯಾಕ್ ನಡೆದು ನೋಡಿದ್ದು.

ಈಗಿನ ಬೈಕುಗಳ ಬಗ್ಗೆ ನಮ್ಮಲ್ಲಿನ ಗಾದೆ ಮೊದಲೇ ಹೇಳಿಟ್ಟಿದೆ: ಆನೆ ನಡೆದದ್ದೇ ದಾರಿ. ಎಲ್ಲಿ ಬಿಟ್ಟರೂ ನುಗ್ಗುತ್ತವೆ, ಅದಕ್ಕೇ ಎಲ್ಲರೂ ಒಂದೇ ಕಡೆ ನುಗ್ಗುತ್ತಾರೆ, ಹತ್ತಿರದ ಒಳದಾರಿಯಲ್ಲಿ. ಬದುವಿನ ಹೊರಗಡೆ, ಬೇಲಿಗೆ ಎರಡು ಮಾರು ದೂರದಲ್ಲಿ, ಬೆಳಗ್ಗೆ ನೀರು ಹೊಡೆದ ಮಣ್ಣು ಹಾಗೇ ಮೆತ್ತಗಿತ್ತು. ಒಂದು ಗೀಟೂ ಬಿದ್ದಿರಲಿಲ್ಲ.

ಈ ಬದಲಾವಣೆ ಆದದ್ದು ಎಷ್ಟು ಬೇಗ ಅಂದರೆ, ಅಜ್ಜನ ಗಾಡಿ ಹೊಸದಾಗಿದ್ದದ್ದು ಸರಿಯಾಗಿ ಮೂರೇ ವರ್ಷ. ಲೂಸಿಯಾಂ ಟಿಲ್ಕೆನ್ಸ್ ಎಂಬ ಬೆಲ್ಜಿಯಂನ ಇಂಜಿನಿಯರ್ ಹಿಂದಿನ ಎರಡು ಶಾಕುಗಳನ್ನು ಕಿತ್ತು, ಸೀಟು, ಟ್ಯಾಂಕುಗಳ ಕೆಳಗೆ ಉದ್ದನೆಯ ಒಂದೇ ಶಾಕು ಮಲಗಿಸುವ ಉಪಾಯ ಮಾಡಿದ. ಯಮಾಹಾ ಅದನ್ನು ಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಆ ಮೋನೋಶಾಕ್ ಯಮಾಹಾದ ಮೇಲೆ 250 ಸಿಸಿ ವಿಶ್ವ ಚಾಂಪಿಯನ್ ಆದ. ಆಮೇಲೆ ಎಲ್ಲರಿಗೂ ಓಟ ಉದ್ದ ಮಾಡುವ ಹುಚ್ಚು ಹಿಡಿಯಿತು. ನಾಲ್ಕು ಇಂಚು ಆರಾಯಿತು, ಆರು ಒಂಬತ್ತಾಯಿತು, ದಶಕ ಮುಗಿಯುವಷ್ಟರಲ್ಲಿ ಅಡಿ ಮುಟ್ಟಿತು. ಸೀಝೆಡ್‌ನವರು ಸುಮ್ಮನೆ ಸೋಲಲಿಲ್ಲ. 1974ರಲ್ಲಿ ಯಾರೋಸ್ಲಾವ್ ಫಾಲ್ಟಾ ಲಾಸ್ ಏಂಜಲಿಸ್ ಕೊಲಿಸಿಯಮ್ಮಿನೊಳಗೆ ಮಣ್ಣು ಸುರಿದು ನಡೆಸಿದ ‘ಸೂಪರ್ ಬೌಲ್ ಆಫ್ ಮೋಟೊಕ್ರಾಸ್’ ರೇಸು ಗೆದ್ದದ್ದು ಸೀಝೆಡ್ ಮೇಲೆಯೇ. ಅಜ್ಜ ಅದರ ಮಾತು ಬಂದರೆ ಎದ್ದು ನಿಲ್ಲುತ್ತಾನೆ, ಮಂಡಿ ಬದಲಾಯಿಸಿದ್ದರೂ. ಆದರೆ ಕ್ರೀಡಾಂಗಣದೊಳಗಿನ ಆ ಕಟ್ಟಿದ ದಿಬ್ಬಗಳೇ ಮುಂದೆ ಹೊರಗಿನ ಟ್ರ್ಯಾಕುಗಳಿಗೂ ಹಬ್ಬಿದವು. ಎಗರಲು ದಿಬ್ಬ, ದಿಬ್ಬಕ್ಕೆ ತಕ್ಕ ಶಾಕು, ಶಾಕಿಗೆ ತಕ್ಕ ಇನ್ನೂ ದೊಡ್ಡ ದಿಬ್ಬ.

ಮಧ್ಯಾಹ್ನ ಎರಡಕ್ಕೆ ಮತ್ತೆ ಸೀಝೆಡ್. ಕಾಕ್ ತೆರೆದೆ. ತೆರೆದಿದ್ದೇನಾ ಎಂದು ಇನ್ನೊಮ್ಮೆ ಮುಟ್ಟಿ ನೋಡಿಕೊಂಡೆ.

ಇಳಿಜಾರಿನ ತಿರುವಿಗೆ ಅರ್ಧ ಇಳಿಜಾರು ಇರುವಾಗಲೇ ನಾಲ್ಕು ಬೆರಳು ಹಾಕಿ ಬ್ರೇಕ್ ಶುರು. ಹಿಂದಿನ ಚಕ್ರ ಲಾಕ್ ಆಗದ ಹಾಗೆ ಪಾದವನ್ನು ಹಾರ್ಮೋನಿಯಂ ತಿದಿಯ ಮೇಲಿಟ್ಟಂತೆ ಒತ್ತಿ ಬಿಟ್ಟು ಒತ್ತಿ. ಕುಳಿಗಳ ಸಾಲನ್ನು ಬಿಟ್ಟು ಹೊರಗಿನ ಮೆತ್ತನೆ ಮಣ್ಣಿನಲ್ಲಿ ದೊಡ್ಡ ಸುತ್ತು ಹಾಕಿದೆ. ದೂರ ಜಾಸ್ತಿ, ಆದರೆ ವೇಗ ಬೀಳಲಿಲ್ಲ. ಸೀಟಿನ ಮುಂಭಾಗಕ್ಕೆ ಜರುಗಿ ಕೂರುವ ಈಗಿನ ಕ್ರಮ ಈ ಗಾಡಿಗೆ ಒಗ್ಗುವುದಿಲ್ಲ, ಮಧ್ಯದಲ್ಲೇ ಕೂತು, ಒಳಗಾಲನ್ನು ಚಾಚಿ, ಥ್ರಾಟಲ್ಲಿನಿಂದ ಹಿಂದಿನ ಚಕ್ರವನ್ನು ಒಂದಿಷ್ಟು ಜಾರಿಸಿದರೆ ಗಾಡಿ ತಾನೇ ತಿರುಗುತ್ತದೆ. ಹ್ಯಾಂಡಲ್ಲಿನಿಂದ ತಿರುಗಿಸಲು ಹೋದರೆ ಮೊಂಡು ಎಮ್ಮೆ. ಇದು ಕೈಗೆ ಹತ್ತಿದ್ದು ನಾಲ್ಕನೇ ಸುತ್ತಿನಲ್ಲಿ. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಹೊರಗೆ, ಮುಂದಿನ ಚಕ್ರ ನೇರ, ಹೊಗೆ ಹಿಂದೆ, ಎಲ್ಲವೂ ಒಂದು ಕ್ಷಣ ತೂಗುಯ್ಯಾಲೆಯ ಹಾಗೆ ನಿಂತಿತು. ಹೆಲ್ಮೆಟ್ಟಿನೊಳಗೆ ಜೋರಾಗಿ ಕೂಗಿದೆ. ಏನು ಕೂಗಿದೆ ಎಂದು ಬರೆಯುವಂತಿಲ್ಲ.

ಟೇಬಲ್‌ಟಾಪ್ ಎಂಬ ದಿಬ್ಬ ಇದೆ, ಮೇಲೆ ಮೇಜಿನಂತೆ ಸಪಾಟು. ಯಮಾಹಾದಲ್ಲಿ ಈ ಕಡೆಯಿಂದ ಎಗರಿ ಆ ಕಡೆಯ ಇಳಿಜಾರಿಗೆ ಇಳಿಯುತ್ತೇನೆ, ಮೇಜಿನ ಮೇಲೇನಿದೆ ಎಂದು ಕಂಡವನಲ್ಲ. ಬೆಳಗ್ಗೆ ಸೀಝೆಡ್ ಮೇಲೆ ಅರ್ಧಂಬರ್ಧ ಎಗರಿ ಮೇಜಿನ ನಡುವೆ ಬಿದ್ದಾಗ ಹಿಂದಿನ ಶಾಕುಗಳು ಗಡಕ್ ಎಂದು ತಳ ಮುಟ್ಟಿ, ಆ ಏಟು ಬೆನ್ನುಮೂಳೆ ಹತ್ತಿ ಹಲ್ಲಿಗೆ ಬಂದಿತ್ತು. ಈಗ ದಿಬ್ಬದ ಅಂಚಿಗೆ ಬರುವ ಮುಂಚೆಯೇ ಥ್ರಾಟಲ್ ಇಳಿಸಿದೆ, ಮಂಡಿ ಮಡಚಿ ಗಾಡಿ ನನ್ನ ಕಡೆಗೆ ಏರಿ ಬರಲು ಬಿಟ್ಟೆ. ಚಕ್ರ ನೆಲ ಬಿಟ್ಟಿತೋ ಇಲ್ಲವೋ ಎನ್ನುವಷ್ಟು. ಹಿಂದಿನ ಚಕ್ರ ಮೊದಲು ಮುಟ್ಟಿತು, ಮುಂದಿನದು ಮೆಲ್ಲಗೆ. ಗಾಡಿಯ ನಾಲ್ಕಿಂಚಿನ ಶಾಕಿಗೆ ಆಗದ ಕೆಲಸವನ್ನು ಸವಾರನ ಕಾಲು ಮಾಡಬೇಕು. ಹಾಗೆಂದು ಎಲ್ಲರೂ ಹೇಳುತ್ತಾರೆ. ನನ್ನ ತೊಡೆ ಅದನ್ನು ಮಾರನೆಯ ದಿನ ಮೆಟ್ಟಿಲಿಳಿಯುವಾಗ ನಂಬಿತು.

ಇನ್ನೊಂದು ಸಂಗತಿ ಹೇಳದಿದ್ದರೆ ಹಳೇ ಗಾಡಿಗೆ ಅನ್ಯಾಯ. ಮಧ್ಯಾಹ್ನದ ಬಿಸಿಲಿಗೆ ದಿಬ್ಬದ ಏರು ಒಣಗಿ, ಟಯರುಗಳ ರಬ್ಬರು ಸವರಿ ಸವರಿ ಹೊಳೆಯತೊಡಗಿತ್ತು. ಬ್ಲೂ ಗ್ರೂವ್ ಅನ್ನುತ್ತಾರೆ, ಸಗಣಿ ಸಾರಿಸಿ ತಿಕ್ಕಿದ ಜಗುಲಿಯ ಹಾಗೆ ನುಣುಪು. ಅಲ್ಲಿ ಯಮಾಹಾಗಳು ಥ್ರಾಟಲ್ ಕೊಟ್ಟ ಕೂಡಲೇ ಹಿಂದಿನ ಚಕ್ರ ಸುತ್ತಿಸಿ ಅಡ್ಡ ತಿರುಗುತ್ತಿದ್ದವು. ಸೀಝೆಡ್‌ನ ಭಾರದ ಫ್ಲೈವೀಲು ಮತ್ತು ಕೆಳಗಿನಿಂದ ಒಂದೇ ಸಮ ಎಳೆಯುವ ಇಂಜಿನ್ನು ಅಲ್ಲಿ ಟ್ರ್ಯಾಕ್ಟರಿನ ಹಾಗೆ, ಡುರ್ ಎಂದುಕೊಂಡು ಹತ್ತಿತು. ಹೊಳೆಯುವ ಹೊಸ ಕೆಟಿಎಂ ಮೇಲಿದ್ದ ಒಬ್ಬನನ್ನು ಏರಿನಲ್ಲಿ ದಾಟಿದೆ. ಅವನು ಅವತ್ತೇ ಕಲಿಯಲು ಬಂದವನಂತೆ, ಹದಿಮೂರು ವರ್ಷದವನಂತೆ. ಇರಲಿ. ದಾಟಿದ್ದು ದಾಟಿದ್ದೇ.

ಎರಡು ನಿಮಿಷ ನಲವತ್ಮೂರು. ಬೆಳಗಿನದಕ್ಕಿಂತ ಹದಿನೈದು ಸೆಕೆಂಡು ಕಮ್ಮಿ, ನೆಲ ಬೆಳಗಿಗಿಂತ ಕೆಟ್ಟಿದ್ದರೂ.

ಕೊನೆಯ ಸರದಿ ಯಮಾಹಾದ್ದು. ಹತ್ತಿ ಕೂತ ಕೂಡಲೇ ಮಹಡಿ ಮೇಲೆ ಕೂತ ಹಾಗಾಯಿತು. ಮೊದಲ ತಿರುವಿನಲ್ಲಿ ಇನ್ನೂ ಅರ್ಧ ಇಳಿಜಾರಿರುವಾಗಲೇ ನಾಲ್ಕು ಬೆರಳು ಹಾಕಿದೆ, ಗಾಡಿ ಮೂಗು ಮಣ್ಣಿಗೆ ಇಟ್ಟಿತು, ಹಿಂದೆ ಬರುತ್ತಿದ್ದವನು ಬೈದುಕೊಂಡು ಪಕ್ಕಕ್ಕೆ ಹೋದ. ಎರಡು ಸುತ್ತು ಹೀಗೇ, ದೇಹ ಒಂದು ಗಾಡಿಯಲ್ಲಿ, ಅಭ್ಯಾಸ ಇನ್ನೊಂದರಲ್ಲಿ. ಮೂರನೆಯದರಿಂದ ಸರಿಹೋಯಿತು. ಆದರೆ ಕಣ್ಣು ಮೊದಲಿನ ಹಾಗಾಗಲಿಲ್ಲ. ಕುಳಿಗಳ ಸಾಲು ಕಂಡರೆ ತಾನಾಗಿಯೇ ಹೊರದಾರಿ ಹುಡುಕುತ್ತಿತ್ತು. ಯಮಾಹಾಕ್ಕೆ ಅದು ಬೇಕಿಲ್ಲ, ಎಲ್ಲಿ ಬಿಟ್ಟರೂ ನುಂಗಿಕೊಳ್ಳುತ್ತದೆ. ಆದರೆ ಹೊರಗಿನ ಮೆತ್ತನೆ ಮಣ್ಣಿನಲ್ಲಿ ಅದರ ಹಿಂದಿನ ಚಕ್ರ ಸುತ್ತದೆ ಕಚ್ಚಿಕೊಂಡು ಹೊರಟಿತು, ಮತ್ತು ಐದನೇ ಸುತ್ತಿಗೆ ಬಂಡೆಯಾಗುತ್ತಿದ್ದ ನನ್ನ ಮುಂಗೈ ಇವತ್ತು ಮೆತ್ತಗೇ ಇತ್ತು. ದಿನವಿಡೀ ಓಡಿಸಿ ಸುಸ್ತಾಗಿ, ಟ್ರ್ಯಾಕು ಅತಿ ಕೆಟ್ಟ ಹೊತ್ತಿನಲ್ಲಿ, ಎರಡು ನಿಮಿಷ ಆರು ಸೆಕೆಂಡು. ಬೆಳಗ್ಗೆ ಹದವಾದ ಮಣ್ಣಿನಲ್ಲಿ ಮಾಡಿದ್ದಕ್ಕಿಂತ ಐದು ಸೆಕೆಂಡು ಮುಂದೆ. ಅಜ್ಜ ಸ್ಟಾಪ್‌ವಾಚನ್ನು ನನ್ನ ಮುಖಕ್ಕೆ ಹಿಡಿದು ಏನೂ ಹೇಳದೆ ಕುರ್ಚಿ ಮಡಚತೊಡಗಿದ.

ಹೊಸದನ್ನು ಬಿಟ್ಟು ಹಳೆಯದಕ್ಕೆ ಹೋಗುವೆನೇ ಅಂದರೆ, ಇಲ್ಲ. ಹಳೆಯ ಗಾಡಿಗಳನ್ನು ಹೊಗಳುವವರು ಡ್ರಮ್ ಬ್ರೇಕಿನಲ್ಲಿ ಇಳಿಜಾರು ಇಳಿಯುವಾಗಿನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದಿಲ್ಲ. ನನಗೆ ಯಮಾಹಾದ ಬಟನ್ನು ಬೇಕು, ಡಿಸ್ಕು ಬೇಕು, ಸೋಮವಾರ ಆಫೀಸಿಗೆ ಹೋಗಲು ಬೆನ್ನೂ ಬೇಕು. ಆದರೆ ತಿಂಗಳಿಗೊಮ್ಮೆ ಸೀಝೆಡ್ ಕೊಡುತ್ತೀಯಾ ಎಂದು ಟ್ರಕ್ಕಿಗೆ ಹತ್ತಿಸುವಾಗ ಕೇಳಿದೆ. ಅಜ್ಜ, "ಪೆಟ್ರೋಲಿಗೆ ಬೆರೆಸುವ 32ಕ್ಕೆ 1ರ ಎಣ್ಣೆ ನಿನ್ನ ಖರ್ಚು" ಎಂದ.

ಅವನನ್ನು ಮನೆಗೆ ಬಿಟ್ಟು, ನಮ್ಮ ಮನೆಯ ಮುಂದೆ ಟ್ರಕ್ಕು ನಿಲ್ಲಿಸಿದಾಗ ಸಂಜೆ ಏಳೂವರೆ. ಮೈಸೂರಿನಲ್ಲಿ ಸೋಮವಾರ ಬೆಳಗ್ಗೆ ಎಂಟು, ಮಾವ ಕಾಫಿ ಮುಗಿಸಿ ಪೇಪರ್ ಹಿಡಿದಿರುವ ಹೊತ್ತು. ವಿಡಿಯೋ ಕಾಲ್ ಮಾಡಿ ಫೋನನ್ನು ಟ್ರಕ್ಕಿನ ಹಿಂಭಾಗಕ್ಕೆ ತಿರುಗಿಸಿದೆ. ಮಾವ ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು. ಸಿಲಿಂಡರಿನ ಫಿನ್ನುಗಳನ್ನು ತೋರಿಸು ಅಂದರು, ಕ್ರ್ಯಾಂಕ್‌ಕೇಸಿನ ಕೆಳಗೆ ತೋರಿಸು ಅಂದರು, ಕಾರ್ಬ್ಯುರೇಟರಿನ ಮೇಲೆ ಜಿಕೊವ್ ಎಂಬ ಚೆಕ್ ಕಂಪನಿಯ ಹೆಸರಿದೆಯಾ ನೋಡು ಅಂದರು. ಇತ್ತು. ಬಹಳ ಹೊತ್ತು ಸುಮ್ಮನಿದ್ದರು. ನಾನು ಬೆಳಗಿನ ಕತೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಅಲ್ಲಿ ಕೆಳಗೆ ಒದ್ದೆ ಕಾಣ್ತಾ ಇದೆಯಲ್ಲೋ" ಎಂದರು. "ಕಾಕ್ ಮುಚ್ಚಿದ್ಯಾ?"

ಟ್ರಕ್ಕಿನ ಹಾಸಿನ ಮೇಲೆ ಪೆಟ್ರೋಲು ತೊಟ್ಟಿಕ್ಕುತ್ತಿತ್ತು.